ಬಾಂಬಿನ ಊರಿನ ಪಕ್ಕದಲ್ಲೊಂದು ಗೋಡೆಯಿಲ್ಲದ ಮನೆ

ಆರು ಜನ ಕುರುಡರು ಆನೆ ಮುಟ್ಟಿದ ಕಥೆ ನಮಗೆಲ್ಲ ಗೊತ್ತು. ಕಾಲು ಮುಟ್ಟಿದವನು ಕಂಬ ಅಂದ, ಕಿವಿ ಮುಟ್ಟಿದವನು ಮೊರ ಅಂದ, ಬಾಲ ಹಿಡಿದವನು ಪೊರಕೆ ಅಂದ. ನೀತಿ ಹೇಳಿ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ. ಆಮೇಲೇನಾಯ್ತು ಅಂತ ಯಾರೂ ಹೇಳುವುದಿಲ್ಲ. ಆ ಆರೂ ಜನರನ್ನು ಒಂದು ಕೋಣೆಯಲ್ಲಿ ಹತ್ತು ದಿನ ಕೂರಿಸಿ, ಊಟ-ಕಾಫಿ ಕೊಟ್ಟು, "ನೀನು ಕಂಬ ಅಂದೆಯಲ್ಲ, ಅದು ಬೆಚ್ಚಗಿತ್ತಾ? ಅಲುಗಾಡ್ತಿತ್ತಾ?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳಲು ಬಿಟ್ಟಿದ್ದರೆ? ಆನೆ ಸಿಗುತ್ತಿತ್ತೋ, ಬರೀ ಜಗಳ ಸಿಗುತ್ತಿತ್ತೋ?

ಈ ಪ್ರಯೋಗವನ್ನು ನಿಜವಾಗಿ ಮಾಡಿ ನೋಡಿದವರಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೆ ಅನ್ನುವ ಊರಿನಲ್ಲಿ, 1984ರಿಂದ. ಅದರ ಹೆಸರು ಸಾಂಟಾ ಫೆ ಇನ್ಸ್‌ಟಿಟ್ಯೂಟ್. ಯಾವ ವಿಶ್ವವಿದ್ಯಾಲಯಕ್ಕೂ ಸೇರದ, ಯಾವ ಸರಕಾರಿ ಇಲಾಖೆಗೂ ಅಂಟಿಕೊಳ್ಳದ ಸಂಶೋಧನಾ ಕೇಂದ್ರ. ಅಲ್ಲಿ ಭೌತವಿಜ್ಞಾನ ವಿಭಾಗ ಇಲ್ಲ, ಅರ್ಥಶಾಸ್ತ್ರ ವಿಭಾಗ ಇಲ್ಲ, ಜೀವವಿಜ್ಞಾನ ವಿಭಾಗವೂ ಇಲ್ಲ. ಆದರೆ ಈ ಮೂರೂ ಕಡೆಯ ಜನ ಒಂದೇ ಮೇಜಿನ ಸುತ್ತ ಊಟಕ್ಕೆ ಕೂರುತ್ತಾರೆ.

ಅಲ್ಲಿ ಏನು ಕಂಡುಹಿಡಿದರು ಅನ್ನುವುದಕ್ಕಿಂತ, ಅಂಥ ಜಾಗವನ್ನು ಹೇಗೆ ಕಟ್ಟಿದರು, ಅದಕ್ಕೆ ಏನು ಬೆಲೆ ತೆತ್ತರು ಅನ್ನುವ ಕಥೆ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು :-)

*

ಕಥೆ ಶುರುವಾಗುವುದು ಬಾಂಬಿನಿಂದ.

1943ರಲ್ಲಿ ಸಾಂಟಾ ಫೆ ಊರಿನ ಈಸ್ಟ್ ಪ್ಯಾಲೇಸ್ ಅವೆನ್ಯೂ ರಸ್ತೆಯ 109ನೇ ನಂಬರಿನ ಒಂದು ಸಣ್ಣ ಕಚೇರಿಗೆ ಅಪರಿಚಿತರು ಬಂದಿಳಿಯತೊಡಗಿದರು. ಅಲ್ಲಿ ಅವರಿಗೆ ಪಾಸ್ ಕೊಟ್ಟು ಬೆಟ್ಟದ ಮೇಲಿನ ಲಾಸ್ ಅಲಮೋಸ್‌ಗೆ ಕಳಿಸುತ್ತಿದ್ದರು. ರಸ್ತೆಯಲ್ಲಿ ಸುಮಾರು 55 ಕಿಲೋಮೀಟರ್ ದೂರ. ಆ ಊರಿಗೆ ಹೆಸರೂ ಇರಲಿಲ್ಲ, ಎಲ್ಲರ ಕಾಗದಕ್ಕೂ ಒಂದೇ ವಿಳಾಸ.. ಅಂಚೆಪೆಟ್ಟಿಗೆ 1663, ಸಾಂಟಾ ಫೆ. ಅಣುಬಾಂಬ್ ತಯಾರಾದದ್ದು ಅಲ್ಲೇ.

ಒಂದು ವಿಷಯ ಗಮನಿಸಿ. ಲಾಸ್ ಅಲಮೋಸ್ ಕೂಡ ಗೋಡೆ ಒಡೆದ ಜಾಗವೇ. ಭೌತವಿಜ್ಞಾನಿ, ರಸಾಯನವಿಜ್ಞಾನಿ, ಗಣಿತಜ್ಞ, ಲೋಹಶಾಸ್ತ್ರಜ್ಞ, ಸ್ಫೋಟಕ ತಜ್ಞ, ಎಂಜಿನಿಯರ್.. ಎಲ್ಲರೂ ಒಟ್ಟಿಗೇ ಕೂತು ಎರಡೂವರೆ ವರ್ಷದೊಳಗೆ ಕೆಲಸ ಮುಗಿಸಿದರು. ಯಾಕೆ ಸಾಧ್ಯವಾಯ್ತು? ಗುರಿ ಒಂದೇ ಇತ್ತು, ಹಣಕ್ಕೆ ಕೊರತೆ ಇರಲಿಲ್ಲ, ಬೆನ್ನ ಹಿಂದೆ ಯುದ್ಧ ಇತ್ತು. ಅಂದರೆ ಬೇರೆ ಬೇರೆ ವಿದ್ಯೆಗಳು ಒಂದಾಗಬಲ್ಲವು ಅಂತ ಜಗತ್ತಿಗೆ ತೋರಿಸಿದ್ದೇ ಒಂದು ಬಾಂಬು.. ನೆನೆಸಿಕೊಂಡರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಜಾರ್ಜ್ ಕೋವನ್ ಈ ಬಾಂಬ್ ಯೋಜನೆಯಲ್ಲಿದ್ದ ರಸಾಯನವಿಜ್ಞಾನಿ. ಹುಟ್ಟಿದ್ದು 1920ರಲ್ಲಿ. ಯುದ್ಧ ಮುಗಿದ ಮೇಲೆ ಲಾಸ್ ಅಲಮೋಸ್ ಸೇರಿ ದಶಕಗಟ್ಟಲೆ ಅಲ್ಲೇ ಕೆಲಸ ಮಾಡಿದರು. 1949ರಲ್ಲಿ ಸೋವಿಯತ್ ಒಕ್ಕೂಟ ಗುಟ್ಟಾಗಿ ಅಣುಬಾಂಬ್ ಸಿಡಿಸಿದಾಗ, ಗಾಳಿಯಲ್ಲಿ ತೇಲಿಬಂದ ವಿಕಿರಣದ ಕಣಗಳನ್ನು ಪರೀಕ್ಷಿಸಿ ಅದು ಬಾಂಬೇ ಅಂತ ಖಚಿತಪಡಿಸಿದವರಲ್ಲಿ ಇವರೂ ಒಬ್ಬರು. ಲಾಸ್ ಅಲಮೋಸ್‌ನಲ್ಲಿ ಒಂದು ಬ್ಯಾಂಕ್ ಕಟ್ಟಿದವರಲ್ಲೂ ಇವರಿದ್ದರು. ಲ್ಯಾಬೂ ಗೊತ್ತು, ಲೆಕ್ಕಪತ್ರವೂ ಗೊತ್ತು. ಈ ಎರಡನೆಯ ಗುಣ ಮುಂದೆ ಬಹಳ ಕೆಲಸಕ್ಕೆ ಬಂತು.

1980ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಅಧ್ಯಕ್ಷರ ಭವನದ ವಿಜ್ಞಾನ ಮಂಡಳಿಯಲ್ಲಿ ಸದಸ್ಯರಾದರು. ಅಲ್ಲಿ ಬರುತ್ತಿದ್ದ ಪ್ರಶ್ನೆಗಳು ಒಂದೂ ಶುದ್ಧ ವಿಜ್ಞಾನದವಲ್ಲ. ಒಂದರೊಳಗೆ ಅರ್ಥಶಾಸ್ತ್ರ, ಪರಿಸರ, ರಾಜಕೀಯ, ನೀತಿ ಎಲ್ಲ ನೂಲಿನುಂಡೆ ಹಾಗೆ ಸಿಕ್ಕಾಗಿರುತ್ತಿದ್ದವು. ಸುತ್ತ ಕೂತ ಘನ ವಿಜ್ಞಾನಿಗಳಿಗೆ ತಮ್ಮ ತಮ್ಮ ಎಳೆ ಮಾತ್ರ ಗೊತ್ತು. ಇಂಥ ಸಿಕ್ಕು ಬಿಡಿಸಲು ಹುಡುಗರನ್ನು ತಯಾರು ಮಾಡುವ ಜಾಗ ಎಲ್ಲಿದೆ? ಎಲ್ಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಒಬ್ಬ ತರುಣ ತನ್ನ ವಿಷಯದ ಬೇಲಿ ಹಾರಿ ಪಕ್ಕದ ಹೊಲಕ್ಕೆ ಹೋದರೆ ಅವನ ನೌಕರಿಯೇ ಕಾಯಂ ಆಗುವುದಿಲ್ಲ.

ಕೋವನ್ ಲಾಸ್ ಅಲಮೋಸ್‌ನ ಹಿರಿಯ ವಿಜ್ಞಾನಿಗಳ ಜೊತೆ ಮಧ್ಯಾಹ್ನದ ಊಟದಲ್ಲಿ ಈ ಮಾತೆತ್ತಿದರು. ವಾರಗಟ್ಟಲೆ ಚರ್ಚೆ ನಡೆಯಿತು. ಕೆಲವರು ಕಂಪ್ಯೂಟರನ್ನು ನಡುವಿಗಿಟ್ಟುಕೊಂಡ ಸಣ್ಣ ಸಂಸ್ಥೆ ಸಾಕು ಅಂದರು. ಕ್ವಾರ್ಕ್ ಅನ್ನುವ ಕಣಕ್ಕೆ ಹೆಸರಿಟ್ಟ, 1969ರ ನೊಬೆಲ್ ಪಡೆದ ಮರ್ರಿ ಗೆಲ್‌ಮನ್ ಗುಂಪಿಗೆ ಸೇರಿಕೊಂಡ ಮೇಲೆ ಕನಸು ದೊಡ್ಡದಾಯ್ತು. ನಾಗರಿಕತೆಗಳ ಏಳುಬೀಳು, ಭಾಷೆ, ಮನಸ್ಸು, ಜೀವದ ಹುಟ್ಟು, ಮಾರುಕಟ್ಟೆ.. ಎಲ್ಲವೂ ಒಂದೇ ಸೂರಿನಡಿ ಬರಲಿ ಅನ್ನುವುದು ಅವರ ವಾದ.

1984ರ ಮೇ ತಿಂಗಳಲ್ಲಿ ಸಂಸ್ಥೆ ನೋಂದಣಿಯಾಯ್ತು. ಆದರೆ 'ಸಾಂಟಾ ಫೆ ಇನ್ಸ್‌ಟಿಟ್ಯೂಟ್' ಅನ್ನುವ ಹೆಸರು ಅಷ್ಟರಲ್ಲಿ ಬೇರೆ ಯಾರದೋ ಪಾಲಾಗಿತ್ತು! ಹಾಗಾಗಿ ಮೊದಲಿಗೆ ಇದು 'ರಿಯೋ ಗ್ರಾಂಡೆ ಇನ್ಸ್‌ಟಿಟ್ಯೂಟ್' ಆಗಿತ್ತು. ಬೇಕಾದ ಹೆಸರು ಆಮೇಲೆ ಸಿಕ್ಕಿತು. ಬ್ಲಾಗಿಗೆ ಹೆಸರು ಹುಡುಕಿ, 'ಈ ವಿಳಾಸ ಲಭ್ಯವಿಲ್ಲ' ಅನ್ನಿಸಿಕೊಂಡ ನಮಗೆಲ್ಲ ಈ ಸಂಕಟ ಚೆನ್ನಾಗಿಯೇ ಅರ್ಥವಾಗುತ್ತದೆ.

*

ಅದೇ ವರ್ಷದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಎರಡು ಸಭೆಗಳು ನಡೆದವು. ಸ್ವಂತ ಕಟ್ಟಡ ಇಲ್ಲ, ಸಿಬ್ಬಂದಿ ಇಲ್ಲ. ಅದೇ ಊರಿನ ಒಂದು ಮಾನವಶಾಸ್ತ್ರ ಸಂಸ್ಥೆಯ ಜಾಗದಲ್ಲಿ ಸೇರಿದರು. ಬಂದವರಲ್ಲಿ ಫಿಲಿಪ್ ಆಂಡರ್ಸನ್ ಇದ್ದರು. 1977ರ ನೊಬೆಲ್ ಪಡೆದ ಭೌತವಿಜ್ಞಾನಿ. ಅವರು 1972ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ನಾಲ್ಕೇ ಪುಟದ ಒಂದು ಲೇಖನ ಬರೆದಿದ್ದರು. 'ಹೆಚ್ಚಾದರೆ ಬೇರೆಯಾಗುತ್ತದೆ' ಅನ್ನುವ ಅರ್ಥದ ಶೀರ್ಷಿಕೆ ಅದಕ್ಕೆ. ಈ ಸಂಸ್ಥೆಯ ಬೀಜಮಂತ್ರ ಅಂದರೆ ಅದೇ.

ಏನು ಹಾಗಂದ್ರೆ? ನೀರಿನ ಒಂದು ಅಣುವನ್ನು ಎಷ್ಟೇ ನೋಡಿದರೂ ಅದರಲ್ಲಿ 'ಒದ್ದೆ' ಇಲ್ಲ. ಒಂದು ಇರುವೆಯನ್ನು ಎಷ್ಟೇ ಕೊಯ್ದು ನೋಡಿದರೂ ಅದರೊಳಗೆ ಗೂಡಿನ ನಕ್ಷೆ ಇಲ್ಲ. ಕೋಟಿಗಟ್ಟಲೆ ಸೇರಿದಾಗ, ಬಿಡಿಯಲ್ಲಿ ಇಲ್ಲದ್ದು ಇಡಿಯಲ್ಲಿ ಹುಟ್ಟುತ್ತದೆ. ಗಡಿಯಾರ ಬಿಚ್ಚಿದರೆ ಅರ್ಥವಾಗುತ್ತದೆ, ಮತ್ತೆ ಜೋಡಿಸಲೂಬಹುದು. ಅದು ಬರೀ ಜಟಿಲ. ಸಂತೆ, ಕಾಡು, ಮಿದುಳು, ಊರು ಹಾಗಲ್ಲ. ಬಿಚ್ಚಿದ ಕೂಡಲೇ ನೀವು ಹುಡುಕುತ್ತಿದ್ದದ್ದು ಮಾಯ. ಅದು ಸಂಕೀರ್ಣ. ಸಾಂಟಾ ಫೆ ಜನ ಹಿಡಿಯಲು ಹೊರಟಿದ್ದು ಈ ಎರಡನೆಯದನ್ನು.

ಮಂತ್ರವೇನೋ ಸಿಕ್ಕಿತು, ದುಡ್ಡು?

ಮೊದಲು ದೊಡ್ಡ ಮೊತ್ತದ ನಿಧಿ ಸೇರಿಸಿ, ಪದವಿ ಕೊಡುವ ಪೂರ್ತಿ ವಿಶ್ವವಿದ್ಯಾಲಯವನ್ನೇ ಕಟ್ಟುವ ಯೋಚನೆ ಇತ್ತು. ಯಾರೂ ಅಷ್ಟು ಕೊಡಲಿಲ್ಲ. ಆಗ ಬಂದಿದ್ದು ಒಬ್ಬ ಬ್ಯಾಂಕರ್. ಸಿಟಿಕಾರ್ಪ್ ಬ್ಯಾಂಕಿನ ಮುಖ್ಯಸ್ಥ ಜಾನ್ ರೀಡ್. ಅವರದ್ದೂ ಒಂದು ಹೊಟ್ಟೆನೋವು. 1982ರ ಆಗಸ್ಟಿನಲ್ಲಿ ಮೆಕ್ಸಿಕೋ ಸಾಲ ತೀರಿಸಲಾರೆ ಅಂದಿತ್ತು. ಹಿಂದೆಯೇ ಲ್ಯಾಟಿನ್ ಅಮೆರಿಕದ ಒಂದೊಂದೇ ದೇಶ ಕೈಯೆತ್ತಿತು. ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರ ದಂಡೇ ಇತ್ತು, ಅವರ ಬಳಿ ದೊಡ್ಡ ದೊಡ್ಡ ಸಮೀಕರಣಗಳಿದ್ದವು. ಆದರೂ ಈ ಹೊಡೆತ ಯಾರಿಗೂ ಮೊದಲೇ ಕಾಣಲಿಲ್ಲ. 1987ರ ಮೇ ತಿಂಗಳಲ್ಲಿ ಸಿಟಿಕಾರ್ಪ್ ಬಾರದ ಸಾಲಗಳಿಗಾಗಿ 300 ಕೋಟಿ ಡಾಲರ್ ಎತ್ತಿಡಬೇಕಾಯ್ತು.

ರೀಡ್‌ಗೆ ಬೇಕಿದ್ದಿದ್ದು ಆರ್ಥಿಕತೆಯನ್ನು ಹೊಸದಾಗಿ ನೋಡುವ ಕಣ್ಣು. ಕೋವನ್‌ಗೆ ಬೇಕಿದ್ದಿದ್ದು ದುಡ್ಡು. ಇಬ್ಬರ ಗಂಟು ಕೂಡಿತು. ಮ್ಯಾಕ್‌ಆರ್ಥರ್ ಪ್ರತಿಷ್ಠಾನ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಇಂಧನ ಇಲಾಖೆಗಳೂ ಸ್ವಲ್ಪ ಸ್ವಲ್ಪ ನೆರವಾದವು. ಹೀಗೆ ಹಲವು ಕೈಗಳಿಂದ ಸ್ವಲ್ಪ ಸ್ವಲ್ಪವೇ ಪಡೆಯುವುದು ಈ ಸಂಸ್ಥೆಯ ಅಭ್ಯಾಸವಾಯಿತು. ಒಬ್ಬನೇ ದಣಿ ಇದ್ದರೆ ಅವನ ಮಾತು ಕೇಳಬೇಕು, ಹತ್ತು ಜನ ಇದ್ದರೆ ಯಾರ ಮಾತೂ ಪೂರ್ತಿ ಕೇಳಬೇಕಿಲ್ಲ. ಸ್ವಾತಂತ್ರ್ಯ ಅಂದರೆ ಇಲ್ಲಿ ಇಷ್ಟೇ.

*

1987ರಲ್ಲಿ ಬಾಡಿಗೆಗೆ ಒಂದು ಜಾಗ ಸಿಕ್ಕಿತು. ಕ್ಯಾನ್ಯನ್ ರೋಡ್ ಅನ್ನುವ ರಸ್ತೆಯಲ್ಲಿದ್ದ ಕ್ರಿಸ್ಟೋ ರೇ ಕಾನ್ವೆಂಟ್. ಒಂದೇ ಅಂತಸ್ತಿನ ಮಣ್ಣಿನ ಇಟ್ಟಿಗೆಯ ಕಟ್ಟಡ. ಸನ್ಯಾಸಿನಿಯರ ಕೋಣೆಗಳು ವಿಜ್ಞಾನಿಗಳ ಕೋಣೆಗಳಾದವು, ಪ್ರಾರ್ಥನಾ ಮಂದಿರ ಸಭಾಂಗಣವಾಯ್ತು.

ಆ ಸೆಪ್ಟೆಂಬರ್ 8ರಿಂದ ಹತ್ತು ದಿನ ಅಲ್ಲಿ ಒಂದು ಸಭೆ. ಒಂದು ಕಡೆ ಸುಮಾರು ಹತ್ತು ಅರ್ಥಶಾಸ್ತ್ರಜ್ಞರು, ಅವರನ್ನು ಆರಿಸಿದ್ದು 1972ರ ನೊಬೆಲ್ ಪಡೆದ ಕೆನೆತ್ ಆರೋ. ಇನ್ನೊಂದು ಕಡೆ ಸುಮಾರು ಹತ್ತು ಭೌತವಿಜ್ಞಾನಿ, ಜೀವವಿಜ್ಞಾನಿ, ಕಂಪ್ಯೂಟರ್ ವಿಜ್ಞಾನಿಗಳು. ಅವರನ್ನು ಕರೆತಂದಿದ್ದು ಫಿಲಿಪ್ ಆಂಡರ್ಸನ್. ನಮ್ಮ ಆರು ಕುರುಡರ ಸಭೆ ಅಂದೆನಲ್ಲ, ಅದೇ ಇದು.

ಮೊದಲ ಕೆಲವು ದಿನ ಬೀಗರ ಮನೆಗೆ ಬಂದವರ ಹಾಗೆ ಬಿಗುಮಾನ. ಅರ್ಥಶಾಸ್ತ್ರಜ್ಞರು ಬೋರ್ಡಿನ ಮೇಲೆ ಪ್ರಮೇಯದ ಮೇಲೆ ಪ್ರಮೇಯ ಬರೆದರು. ಇವರ ಗಣಿತ ನಮ್ಮದಕ್ಕಿಂತ ಬಿಗಿಯಾಗಿದೆಯಲ್ಲ ಅಂತ ಭೌತವಿಜ್ಞಾನಿಗಳು ಬೆರಗಾದರು. ಬೆರಗು ಇಳಿದ ಮೇಲೆ ಬುಡಕ್ಕೇ ಕೈ ಹಾಕಿದರು. ಎಲ್ಲ ಮನುಷ್ಯರೂ ಪೂರ್ತಿ ಲೆಕ್ಕಾಚಾರಸ್ಥರು, ಎಲ್ಲರಿಗೂ ಎಲ್ಲ ಮಾಹಿತಿ ಗೊತ್ತು, ಮಾರುಕಟ್ಟೆ ಸಮತೋಲದಲ್ಲೇ ನಿಲ್ಲುತ್ತದೆ ಅಂತ ಇಟ್ಟುಕೊಂಡಿದ್ದೀರಲ್ಲ, ಇದನ್ನು ನೀವು ನಿಜವಾಗಿ ನಂಬುತ್ತೀರಾ ಅನ್ನುವುದು ಅವರ ಪ್ರಶ್ನೆ. ಹಾಗಿಟ್ಟುಕೊಳ್ಳದಿದ್ದರೆ ಲೆಕ್ಕ ಬಿಡಿಸುವುದಾದರೂ ಹೇಗೆ ಅನ್ನುವುದು ಇವರ ಉತ್ತರ. ಮನೆಯೊಳಗಿನವರು ಕೇಳಲು ನಾಚುವ ಪ್ರಶ್ನೆಯನ್ನು ಹೊರಗಿನವನು ಸಲೀಸಾಗಿ ಕೇಳುತ್ತಾನೆ. ಇಡೀ ಸಂಸ್ಥೆಯ ಬಂಡವಾಳ ಇಷ್ಟೇ ಅಂದರೂ ತಪ್ಪಿಲ್ಲ.

ಆ ಸಭೆಯಲ್ಲಿದ್ದ ಬ್ರಯಾನ್ ಆರ್ಥರ್ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ. ಇದ್ದವನಿಗೇ ಇನ್ನಷ್ಟು ಸೇರುವ, ಮುಂದಿದ್ದವನೇ ಇನ್ನೂ ಮುಂದೆ ಹೋಗುವ ಮಾರುಕಟ್ಟೆಗಳ ಬಗ್ಗೆ ಅವರು 1983ರಲ್ಲಿ ಬರೆದ ಪ್ರಬಂಧ ಪತ್ರಿಕೆಯಿಂದ ಪತ್ರಿಕೆಗೆ ಅಲೆದು ಅಚ್ಚಾಗಿದ್ದು 1989ರಲ್ಲಿ. ಈ ವಾದಕ್ಕೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ ನಿಮ್ಮ ಬೆರಳಡಿಯಲ್ಲೇ ಇದೆ. ಕೀಲಿಮಣೆಯ ಮೇಲಿನ ಸಾಲು.. ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ. 1870ರ ದಶಕದ ಟೈಪ್‌ರೈಟರಿನ ಜೋಡಣೆ ಅದು. ಅದನ್ನು ಕಲಿತವರು ಹೆಚ್ಚಾದಂತೆ ಅದೇ ಮಷೀನು ಹೆಚ್ಚು ಮಾರಾಟವಾಯ್ತು, ಹೆಚ್ಚು ಮಾರಾಟವಾದಂತೆ ಇನ್ನಷ್ಟು ಜನ ಕಲಿತರು. ಕನ್ನಡಕ್ಕೆ ಕೆ.ಪಿ.ರಾಯರು ಕೀಲಿಮಣೆ ವಿನ್ಯಾಸ ಮಾಡಿದಾಗಲೂ 'ಕ' ಕೂತಿದ್ದು ಇಂಗ್ಲಿಷಿನ 'ಕೆ' ಇದ್ದ ಕೀಲಿಯ ಮೇಲೇ. ನಾವು ಬರೆಯುವ ಒಂದೊಂದು ಅಕ್ಷರವೂ ಯಾವುದೋ ಕಾಲದ ಒಂದು ಆಕಸ್ಮಿಕವನ್ನು ಹೊತ್ತು ತಿರುಗುತ್ತಿದೆ! (ಈ ಕೀಲಿಮಣೆ ಕಥೆ ಅಷ್ಟು ಸರಳವಲ್ಲ, ಆ ಜೋಡಣೆ ಹೇಳುವಷ್ಟು ಕೆಟ್ಟದ್ದೂ ಅಲ್ಲ ಅಂತ 1990ರಲ್ಲೇ ಇಬ್ಬರು ಅರ್ಥಶಾಸ್ತ್ರಜ್ಞರು ವಾದ ಹೂಡಿದರು. ಆ ಜಗಳ ಪೂರ್ತಿ ಮುಗಿದಿಲ್ಲ.)

ಆರ್ಥರ್ ಅವರ ಇನ್ನೊಂದು ಒಗಟು ನನಗೆ ಇನ್ನೂ ಇಷ್ಟ. ಕಾನ್ವೆಂಟ್ ಇದ್ದ ಅದೇ ರಸ್ತೆಯಲ್ಲಿ ಎಲ್ ಫರೋಲ್ ಅನ್ನುವ ಬಾರ್ ಇತ್ತು. ಗುರುವಾರ ರಾತ್ರಿ ಅಲ್ಲಿ ಐರಿಷ್ ಸಂಗೀತ. ಊರಲ್ಲಿ ಸಂಗೀತದ ಆಸೆಯವರು 100 ಜನ ಅಂದುಕೊಳ್ಳಿ. 60ಕ್ಕಿಂತ ಕಡಿಮೆ ಬಂದರೆ ಹಿತ, ಹೆಚ್ಚಾದರೆ ನೂಕುನುಗ್ಗಲು. ಯಾರೂ ಯಾರನ್ನೂ ಕೇಳುವಂತಿಲ್ಲ. ಹೋಗುವುದಾ, ಬೇಡವಾ? 'ಇವತ್ತು ಜನ ಕಡಿಮೆ' ಅಂತ ಎಲ್ಲರೂ ಎಣಿಸಿದರೆ ಎಲ್ಲರೂ ಹೋಗುತ್ತಾರೆ, ಎಣಿಕೆ ಸುಳ್ಳಾಗುತ್ತದೆ. 'ಇವತ್ತು ರಶ್ಶು' ಅಂತ ಎಲ್ಲರೂ ಎಣಿಸಿದರೆ ಬಾರ್ ಖಾಲಿ! ಎಲ್ಲರೂ ನಂಬಿದರೆ ನಿಜವಾಗುವ ಊಹೆ ಇಲ್ಲಿ ಸಾಧ್ಯವೇ ಇಲ್ಲ. 1994ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಆರ್ಥರ್ ಇದನ್ನು ಕಂಪ್ಯೂಟರಿನಲ್ಲಿ ಆಡಿಸಿ ತೋರಿಸಿದರು. ಒಬ್ಬೊಬ್ಬರೂ ತಮ್ಮದೇ ಅಡ್ಡಾದಿಡ್ಡಿ ಅಂದಾಜಿನಲ್ಲಿ ನಡೆದರೂ, ಅಂದಾಜು ಕೆಟ್ಟಾಗ ಬದಲಾಯಿಸಿಕೊಂಡರೂ, ಬರುವವರ ಸಂಖ್ಯೆ ಸರಾಸರಿ 60ರ ಸುತ್ತಲೇ ಸುಳಿಯುತ್ತದೆ. ಯಾರೂ ಏರ್ಪಾಡು ಮಾಡದ ಏರ್ಪಾಡು.

ಇದರದ್ದೇ ಇನ್ನೊಂದು ರೂಪವನ್ನು ಭೌತವಿಜ್ಞಾನಿ ಬಿಕಾಸ್ ಚಕ್ರಬರ್ತಿ ಮತ್ತು ಸಂಗಡಿಗರು ತಮ್ಮೂರಿನ ಅಗ್ಗದ ಊಟದ ಹೋಟೆಲುಗಳ ಹೆಸರಿನಲ್ಲಿ 'ಕೋಲ್ಕತ್ತ ಪೈಸ್ ರೆಸ್ಟೋರೆಂಟ್ ಸಮಸ್ಯೆ' ಅಂತ ಬೆಳೆಸಿದರು. ಸಾಂಟಾ ಫೆಯ ಬಾರು ಕೋಲ್ಕತ್ತದಲ್ಲಿ ಅನ್ನ-ಮೀನಿನ ಹೋಟೆಲಾಯ್ತು ನೋಡಿ.

*

ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಎಳೆ ಇದೆ.

ಸಾಂಟಾ ಫೆಯ ಆರಂಭದ ದಿನಗಳ ಇನ್ನೊಬ್ಬ ಮುಖ್ಯ ವ್ಯಕ್ತಿ ಸ್ಟುವರ್ಟ್ ಕಾಫ್‌ಮನ್. ವೈದ್ಯಕೀಯ ಓದಿ ಸಿದ್ಧಾಂತಕ್ಕೆ ಬಂದವರು. ಜೀವ ಹೇಗೆ ಹುಟ್ಟಿತು ಅನ್ನುವುದಕ್ಕೆ ಅವರದ್ದೊಂದು ಕಲ್ಪನೆ. 'ಅ' ಅನ್ನುವ ಅಣು 'ಆ' ತಯಾರಾಗಲು ನೆರವಾಗುತ್ತದೆ, 'ಆ' ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ, ಕೊನೆಯದು ತಿರುಗಿ 'ಅ'ಗೇ. ಮಲೆನಾಡಿನಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.. ಹೆಚ್ಚೂಕಮ್ಮಿ ಅದೇ. ಒಬ್ಬೊಬ್ಬರೇ ಆಗಿದ್ದರೆ ಯಾರೂ ಉಳಿಯರು, ಸುತ್ತು ಕೂಡಿಬಿಟ್ಟರೆ ಎಲ್ಲರೂ ಬೆಳೆಯುತ್ತಾರೆ.

ಇಂಥ ಸುತ್ತು ತಾನಾಗಿಯೇ ಕೂಡುವುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಂಜಯ್ ಜೈನ್ ಮತ್ತು ಸಂದೀಪ್ ಕೃಷ್ಣ 1998ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೊಂದು ಸರಳ ಗಣಿತದ ಮಾದರಿ ಕೊಟ್ಟಿತು. ಜೈನ್ ಅವರಿಗೆ ಸಾಂಟಾ ಫೆ ಸಂಸ್ಥೆಯ ಜೊತೆಗೂ ನಂಟಿತ್ತು. ಅವರ ಮಾದರಿಯಲ್ಲಿ ಒಂದು ಜಾಲ ಇದೆ. ಪ್ರತಿ ಸಲವೂ ಅದರಲ್ಲಿ ತೀರಾ ಸೊರಗಿದ್ದನ್ನು ತೆಗೆದು ಕಣ್ಣುಮುಚ್ಚಿ ಹೊಸದೊಂದನ್ನು ಸೇರಿಸುತ್ತಾರೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಆಕಸ್ಮಿಕವಾಗಿ ಒಂದು ಸಣ್ಣ ಸುತ್ತು ಕೂಡುತ್ತದೆ, ಕೂಡಿದ್ದೇ ತಡ ಇಡೀ ಜಾಲ ಅದಕ್ಕೆ ಹೆಣೆದುಕೊಂಡು ಬೆಳೆಯುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಚೆನ್ನಾಗಿ ಬೆಳೆದ ಜಾಲವೂ ಒಂದೊಂದು ಸಲ ದಿಢೀರ್ ಕುಸಿಯುತ್ತದೆ. ಮುಖ್ಯ ಕೊಂಡಿಯೊಂದು ಕಳಚಿದ್ದಕ್ಕೆ ಕುಸಿಯಬಹುದು, ಅಥವಾ ಹೊಸದೊಂದು ಬಂದು ಹಳೆಯ ಸುತ್ತನ್ನು ಮೂಲೆಗೆ ತಳ್ಳಿದ್ದಕ್ಕೂ ಕುಸಿಯಬಹುದು. ಕಾಡಿಗೂ ಇದು ಹೊಂದುತ್ತದೆ, ಕಂಪನಿಗೂ ಹೊಂದುತ್ತದೆ.

*

ಸಂಸ್ಥೆ ನಡೆಯುವ ರೀತಿ ಹೇಗೆ ಅಂತ ಹೇಳಿಬಿಡುತ್ತೇನೆ. ಅಲ್ಲಿ ಪ್ರಾಧ್ಯಾಪಕರಿಗೆ ನಿವೃತ್ತಿವರೆಗಿನ ಕಾಯಂ ನೌಕರಿ ಇಲ್ಲ, ಎಲ್ಲರದ್ದೂ ಇಷ್ಟು ವರ್ಷ ಅಂತ ಅವಧಿ. ವಾಸವಿದ್ದು ಕೆಲಸ ಮಾಡುವವರು ಕೆಲವೇ ಜನ. ಅವರಿಗಿಂತ ಎಷ್ಟೋ ಪಟ್ಟು ಜನ ಬೇರೆ ಊರುಗಳಲ್ಲಿ ನೌಕರಿ ಮಾಡಿಕೊಂಡು ಆಗಾಗ ಬಂದುಹೋಗುವ ಹೊರಗಿನ ಸದಸ್ಯರು. ಮೊದಲ ಅಧ್ಯಕ್ಷ ಕೋವನ್ ರಸಾಯನವಿಜ್ಞಾನಿ. 2005ರಿಂದ 2009ರವರೆಗೆ ಜೆಫ್ರಿ ವೆಸ್ಟ್, ಭೌತವಿಜ್ಞಾನಿ. ಅವರ ನಂತರ ಜೆರಿ ಸಬ್ಲಾಫ್, ಪುರಾತತ್ವಜ್ಞ. 2015ರಲ್ಲಿ ಡೇವಿಡ್ ಕ್ರಾಕೌರ್, ಜೀವವಿಕಾಸದ ಸಿದ್ಧಾಂತಿ.

ಕಾದಂಬರಿಕಾರ ಕಾರ್ಮಾಕ್ ಮೆಕಾರ್ಥಿಯೂ ಅಲ್ಲೇ ಕೂತಿರುತ್ತಿದ್ದರು! ದಶಕಗಳ ಕಾಲ. ವಿಜ್ಞಾನಿಗಳ ಜೊತೆ ಊಟ, ಹರಟೆ, ಆಮೇಲೆ ತಮ್ಮ ಹಳೆಯ ಒಲಿವೆಟ್ಟಿ ಟೈಪ್‌ರೈಟರಿನ ಮುಂದೆ. 2009ರಲ್ಲಿ ಆ ಟೈಪ್‌ರೈಟರ್ ಹರಾಜಾದಾಗ ಬಂದಿದ್ದು 2,54,500 ಡಾಲರ್, ಹಣ ಪೂರ್ತಿ ಸಂಸ್ಥೆಗೆ. ಅವರು ಮಾತ್ರ 20 ಡಾಲರಿಗಿಂತ ಕಡಿಮೆ ಬೆಲೆಯ ಅದೇ ಥರದ ಇನ್ನೊಂದು ಹಳೆಯ ಮಷೀನು ಇಟ್ಟುಕೊಂಡು ಬರೆಯುತ್ತ ಕೂತರು. 2023ರಲ್ಲಿ ತೀರಿಕೊಂಡರು. ಹಿಂದಿನ ವರ್ಷ ಬಂದ ಅವರ ಕೊನೆಯ ಎರಡು ಕಾದಂಬರಿಗಳ ತುಂಬ ಗಣಿತ, ಭೌತವಿಜ್ಞಾನ.

ಜೆಫ್ರಿ ವೆಸ್ಟ್ ಕಥೆಯೂ ಕೇಳುವಂಥದ್ದು. 1993ರಲ್ಲಿ ಅಮೆರಿಕ ತನ್ನ ದೈತ್ಯ ಕಣವೇಗವರ್ಧಕ ಯೋಜನೆಯನ್ನು ಅರ್ಧಕ್ಕೇ ಕೈಬಿಟ್ಟಿತು. ಕಣಭೌತದಲ್ಲಿದ್ದ ವೆಸ್ಟ್ ಜೀವಿಗಳ ಕಡೆ ತಿರುಗಿದರು. ಮ್ಯಾಕ್ಸ್ ಕ್ಲೈಬರ್ ಎಂಬುವವರು 1932ರಲ್ಲೇ ಒಂದು ವಿಚಿತ್ರ ಗಮನಿಸಿದ್ದರು. ಪ್ರಾಣಿಯ ತೂಕ ಹೆಚ್ಚಿದಷ್ಟೇ ಅದಕ್ಕೆ ಬೇಕಾದ ಶಕ್ತಿ ಹೆಚ್ಚುವುದಿಲ್ಲ. 300 ಗ್ರಾಂ ಹೆಗ್ಗಣಕ್ಕಿಂತ 3,000 ಕಿಲೋ ಆನೆ 10,000 ಪಟ್ಟು ಭಾರ. ಆದರೆ ಆನೆಗೆ ಬೇಕಾದ ಶಕ್ತಿ ಸುಮಾರು 1,000 ಪಟ್ಟು ಮಾತ್ರ. ಯಾಕೆ? ರಕ್ತನಾಳಗಳು ಮರದ ಕೊಂಬೆಯ ಹಾಗೆ ಕವಲೊಡೆಯುವ ರೀತಿಯಲ್ಲೇ ಉತ್ತರ ಇದೆ ಅಂತ ವೆಸ್ಟ್, ಪರಿಸರವಿಜ್ಞಾನಿಗಳಾದ ಜೇಮ್ಸ್ ಬ್ರೌನ್ ಮತ್ತು ಬ್ರಯಾನ್ ಎನ್‌ಕ್ವಿಸ್ಟ್ 1997ರಲ್ಲಿ ಬರೆದರು. ಆನೆಯ ಬಳಿ ಭೌತವಿಜ್ಞಾನಿ, ಪರಿಸರವಿಜ್ಞಾನಿ ಒಟ್ಟಿಗೆ ಹೋದರೆ ಹೀಗಾಗುತ್ತದೆ :-)

2007ರಲ್ಲಿ ಲೂಯಿಸ್ ಬೆಟೆನ್‌ಕೋರ್ಟ್, ವೆಸ್ಟ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಊರುಗಳಿಗೆ ಹಾಕಿದರು. ಊರಿನ ಜನಸಂಖ್ಯೆ ಎರಡರಷ್ಟಾದರೆ ರಸ್ತೆ, ತಂತಿ, ಪೆಟ್ರೋಲ್ ಬಂಕುಗಳು ಎರಡರಷ್ಟು ಬೇಕಿಲ್ಲ, ಸ್ವಲ್ಪ ಕಡಿಮೆಯೇ ಸಾಕು. ಆದರೆ ಸಂಬಳ, ಪೇಟೆಂಟು ಎರಡರಷ್ಟಕ್ಕಿಂತ ಹೆಚ್ಚುತ್ತವೆ, ಜೊತೆಗೇ ಅಪರಾಧ ಮತ್ತು ರೋಗ ಕೂಡ. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಬಿಡುತ್ತೇನೆ ಅಂದರೆ ಊರು ಒಪ್ಪುವುದಿಲ್ಲ, ಎರಡೂ ಒಂದೇ ಒಡನಾಟದ ಫಲ. ಅವರು ನೋಡಿದ್ದು ಅಮೆರಿಕ, ಯುರೋಪ್, ಚೀನಾದ ಅಂಕಿಗಳನ್ನು. ನಾನು ಓದಿದ್ದು ಬೆಂಗಳೂರಿನ ಟ್ರಾಫಿಕ್ಕನ್ನು ಕಣ್ಣಮುಂದೆ ಇಟ್ಟುಕೊಂಡು..

*

ಹಾಗಾದರೆ ಎಲ್ಲ ಸೊಗಸಾ? ಅಲ್ಲ.

1995ರಲ್ಲಿ ವಿಜ್ಞಾನ ಪತ್ರಕರ್ತ ಜಾನ್ ಹೋರ್ಗನ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಈ ಸಂಸ್ಥೆಯ ಜನ್ಮ ಜಾಲಾಡಿದರು. ಸಂಕೀರ್ಣತೆಯ ವಿಜ್ಞಾನ ಅನ್ನುತ್ತೀರಿ, ಆ ಪದದ ಅರ್ಥವೇ ನಿಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅನ್ನುವುದು ಅವರ ಮುಖ್ಯ ತಕರಾರು. ಸೇತ್ ಲಾಯ್ಡ್ ಅನ್ನುವ ವಿಜ್ಞಾನಿ ಪಟ್ಟಿ ಮಾಡಿದ 31 ವ್ಯಾಖ್ಯೆಗಳನ್ನೇ ಅವರು ಎದುರಿಗಿಟ್ಟರು. ಎಲ್ಲಕ್ಕೂ ಒಂದೇ ಸೂತ್ರ ಸಿಕ್ಕೇಬಿಡುತ್ತದೆ ಅನ್ನುವ ಆರಂಭದ ಹುಮ್ಮಸ್ಸು ಕೈಗೂಡಲಿಲ್ಲ, ನಿಜ. ಕಂಪ್ಯೂಟರಿನ ತೆರೆಯ ಮೇಲೆ ಜೀವ ಆಡಿದ ಹಾಗೆ ಕಂಡರೆ ಅದು ಜೀವದ ವಿವರಣೆಯಾಗಿಬಿಡುತ್ತದಾ ಅನ್ನುವ ಪ್ರಶ್ನೆಯೂ ಸರಿಯಾದದ್ದೇ. 1998ರಲ್ಲಿ ಪಾಲ್ ಕ್ರುಗ್‌ಮನ್, ಆರ್ಥರ್ ಹೇಳಿದ್ದನ್ನು ಬೇರೆ ಅರ್ಥಶಾಸ್ತ್ರಜ್ಞರೂ ಹೇಳಿದ್ದರು, ಅವರೊಬ್ಬರನ್ನೇ ವೀರನಾಗಿ ಚಿತ್ರಿಸುವುದು ಸರಿಯಲ್ಲ ಅಂತ ಖಾರವಾಗಿ ಬರೆದರು.

ಎಲ್ಲಕ್ಕಿಂತ ಕಹಿಯಾದ ಉದಾಹರಣೆ ಇನ್ನೊಂದು. ಸಂಸ್ಥೆಯ ದೊಡ್ಡ ಬೆಂಬಲಿಗರಲ್ಲಿ ಬಿಲ್ ಮಿಲ್ಲರ್ ಒಬ್ಬರು. ಟ್ರಸ್ಟಿಗಳ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಇವರು ನೋಡಿಕೊಳ್ಳುತ್ತಿದ್ದ ಮ್ಯೂಚುವಲ್ ಫಂಡ್ 1991ರಿಂದ 2005ರವರೆಗೆ ಸತತ 15 ವರ್ಷ ಅಮೆರಿಕದ ಷೇರು ಸೂಚ್ಯಂಕವನ್ನು ಮೀರಿಸಿತ್ತು. 2008ರಲ್ಲಿ ಅದೇ ಫಂಡ್ ಅರ್ಧಕ್ಕಿಂತ ಹೆಚ್ಚು ಮೌಲ್ಯ ಕಳೆದುಕೊಂಡಿತು. ಬ್ಯಾಂಕುಗಳಿಗೆ ಬರಸಿಡಿಲು ಯಾಕೆ ಕಾಣುವುದಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಬ್ಯಾಂಕರ್ ಹಣ ಪಡೆದ ಸಂಸ್ಥೆ. ಇಪ್ಪತ್ತೊಂದು ವರ್ಷದ ನಂತರ ಮತ್ತೆ ಬ್ಯಾಂಕುಗಳ ಮೇಲೆ ಸಿಡಿಲು ಬಿದ್ದಾಗ, ಅದರ ಆಪ್ತರಿಗೂ ಕೊಡೆ ಸಿಗಲಿಲ್ಲ.

ಆದರೆ ಇದನ್ನೇ ಸೋಲು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕುಸಿತ ಯಾವ ದಿನ ಅಂತ ಹೇಳಲಾಗದು, ಆದರೆ ಕುಸಿತ ಅನ್ನುವುದು ಹೊರಗಿನಿಂದ ಬೀಳುವ ಕಲ್ಲಲ್ಲ, ಹೆಣಿಗೆಯ ಒಳಗೇ ಹುಟ್ಟುತ್ತದೆ ಅನ್ನುವುದು ಅವರ ಮಾದರಿಗಳು ಮೊದಲಿಂದ ಹೇಳಿದ್ದ ಮಾತು. ಆ ಮಾತು ಇವತ್ತು ಸಾಮಾನ್ಯಜ್ಞಾನವಾಗಿದೆ. 2021ರ ಭೌತವಿಜ್ಞಾನದ ನೊಬೆಲನ್ನು ಮನಾಬೆ, ಹ್ಯಾಸೆಲ್‌ಮನ್, ಪಾರಿಸಿ ಅವರಿಗೆ ಕೊಟ್ಟಾಗ ಸಮಿತಿ ಬಳಸಿದ ಪದವೂ 'ಸಂಕೀರ್ಣ ಭೌತ ವ್ಯವಸ್ಥೆಗಳು' ಅಂತಲೇ. ಆ ಬಹುಮಾನ ಸಾಂಟಾ ಫೆಯದ್ದಲ್ಲ. ಆದರೆ 1984ರಲ್ಲಿ ಮುಜುಗರದ ಪದವಾಗಿದ್ದದ್ದು ಅಷ್ಟು ಹೊತ್ತಿಗೆ ಮರ್ಯಾದಸ್ಥ ಪದವಾಗಿತ್ತು.

*

ಇದೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ತುಮಕೂರಿನವರೇ ಆದ ರಾಜಾ ರಾಮಣ್ಣ. 1974ರ ಪೋಖ್ರಾನ್ ಅಣುಸ್ಫೋಟದ ಮುಂಚೂಣಿಯಲ್ಲಿದ್ದವರು. ಜೆ.ಆರ್.ಡಿ. ಟಾಟಾ ಅವರ ಕನಸಿನಂತೆ 1988ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ವಿಜ್ಞಾನ, ಸಮಾಜಶಾಸ್ತ್ರ, ಮಾನವಿಕ ವಿದ್ಯೆಗಳು ಒಂದೇ ಅಂಗಳದಲ್ಲಿ ಇರಲಿ ಅನ್ನುವ ಆಸೆ ಅಲ್ಲೂ ಇತ್ತು. ಸ್ವತಃ ಪಿಯಾನೋ ನುಡಿಸುತ್ತಿದ್ದ ವಿಜ್ಞಾನಿ. ಎರಡು ಖಂಡಗಳಲ್ಲಿ, ನಾಲ್ಕು ವರ್ಷದ ಅಂತರದಲ್ಲಿ, ಬಾಂಬಿನ ಕೆಲಸ ಕಂಡ ಇಬ್ಬರು ಹಿರಿಯರು ಅಂಥದ್ದೇ ಮನೆ ಕಟ್ಟಲು ನಿಂತರು. ಒಂದೇ ಗುರಿಗೆ ಎಲ್ಲ ವಿದ್ಯೆಗಳನ್ನು ನೂಕಿದರೆ ಎಂಥ ಶಕ್ತಿ ಬರುತ್ತದೆ ಅಂತ ಹತ್ತಿರದಿಂದ ನೋಡಿದವರಿಗೆ, ಗುರಿಯನ್ನೇ ಪ್ರಶ್ನಿಸುವ ಜಾಗವೂ ಒಂದು ಬೇಕು ಅನ್ನಿಸಿರಬಹುದಾ? ಹಾಗೆ ಊಹಿಸಲು ನನಗೆ ಇಷ್ಟ, ಅಷ್ಟೇ. 2010ರಲ್ಲಿ ಬಂದ ಕೋವನ್ ಆತ್ಮಕಥೆಯ ಹೆಸರಿನಲ್ಲಂತೂ ಮ್ಯಾನ್‌ಹಟನ್ ಯೋಜನೆ ಮತ್ತು ಸಾಂಟಾ ಫೆ ಇನ್ಸ್‌ಟಿಟ್ಯೂಟ್ ಎರಡೂ ಅಕ್ಕಪಕ್ಕ ಇವೆ. ಎರಡು ವರ್ಷಕ್ಕೆ, 2012ರಲ್ಲಿ, ಅವರು ತೀರಿಕೊಂಡರು. ಗೆಲ್‌ಮನ್ 2019ರಲ್ಲಿ, ಆಂಡರ್ಸನ್ 2020ರಲ್ಲಿ.

ಲಾಸ್ ಅಲಮೋಸ್‌ಗೆ ಯುದ್ಧ ಕೊಟ್ಟಿದ್ದ ಗುರಿಯೂ, ಬೇಕಾದಷ್ಟು ಹಣವೂ ಸಾಂಟಾ ಫೆಗೆ ಯಾವತ್ತೂ ಸಿಗಲಿಲ್ಲ. ಅದಕ್ಕೇ ಅದು ಬಡವರ ಮನೆ ಮದುವೆಯ ಹಾಗೆ ಅವರಿವರ ಕೈ ಹಿಡಿದು, ಬಾಡಿಗೆ ಕಾನ್ವೆಂಟಿನಲ್ಲಿ ಶುರುವಾಗಿ, ದೊಡ್ಡ ಸೂತ್ರ ಸಿಗದೆ, ಆದರೂ ನಲವತ್ತು ವರ್ಷ ದಾಟಿ ಬಂದಿದೆ. ಬಂಡವಾಳಗಾರರ ಹಣದಲ್ಲಿ ನಿಂತ ಸ್ವಾತಂತ್ರ್ಯ ಎಷ್ಟು ಸ್ವತಂತ್ರ ಅಂತ ಕೇಳಬಹುದು, ಕೇಳಲೇಬೇಕು. ಆದರೆ ಸಮಸ್ಯೆಗಳಿಗೆ ವಿಭಾಗ ಇಲ್ಲ, ನಮಗಿದೆ. ಕೆರೆ ಒಣಗಿದಾಗ ಅದು ಭೂಗರ್ಭಶಾಸ್ತ್ರದ ಸಮಸ್ಯೆಯೋ, ಅರ್ಥಶಾಸ್ತ್ರದ್ದೋ, ರಾಜಕೀಯದ್ದೋ ಅಂತ ಕೆರೆ ಕೇಳುವುದಿಲ್ಲ. ಆ ಮೂವರನ್ನೂ ಹತ್ತು ದಿನ ಒಂದೇ ಕೋಣೆಯಲ್ಲಿ ಕೂರಿಸಿ, ನಾಚಿಕೆಯಿಲ್ಲದೆ ಪ್ರಶ್ನೆ ಕೇಳಿಕೊಳ್ಳಲು ಬಿಡುವ ಮನೆಯನ್ನು ಯಾರು ಕಟ್ಟುತ್ತಾರೆ, ಅದರ ಬಾಡಿಗೆ ಯಾರು ಕೊಡುತ್ತಾರೆ ಅನ್ನುವುದೇ ಕೊನೆಗೆ ಉಳಿಯುವ ಪ್ರಶ್ನೆ.

ನಮ್ಮಲ್ಲಿ ಹಾಗೆ ಕೂರಿಸಬೇಕಾದ ಮೊದಲ ಸಮಸ್ಯೆ ಯಾವುದು, ಆ ಕೋಣೆಗೆ ಯಾರ್ಯಾರನ್ನು ಕರೆಯಬೇಕು ಅಂತ ನಿಮಗನ್ನಿಸುತ್ತದೆ?